ಗೋಡೆಯೊಳಗೆ ಢಬ್ ಅಂದರೆ: ಬ್ರಿಟನ್ನಿನ ಮನೆಯಲ್ಲಿ ಪೈಪಿನ ಸದ್ದು, ರಿಪೇರಿ, ಖರ್ಚಿನ ಲೆಕ್ಕ

ಇಂಗ್ಲೆಂಡಿಗೆ ಬಂದ ಮೊದಲ ಚಳಿಗಾಲ. ರಾತ್ರಿ ಎರಡರ ಹೊತ್ತಿಗೆ ಯಾರೋ ಗೋಡೆಗೆ ಮೊಣಕೈಯಿಂದ ಗುದ್ದಿದ ಹಾಗೆ ಢಬ್ ಅಂತಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಸಾಲುಮನೆ, ನಡುವೆ ಒಂದೇ ಗೋಡೆ. ಪಕ್ಕದವರೇ ಏನೋ ಮಾಡುತ್ತಿದ್ದಾರೆ ಅಂದುಕೊಂಡು ಎರಡು ವಾರ ಅವರೆದುರು ಮುಖ ಗಂಟು ಹಾಕಿಕೊಂಡು ಓಡಾಡಿದೆ. ಆಮೇಲೆ ನೋಡಿದರೆ ತಪ್ಪು ನಮ್ಮದೇ. ರಾತ್ರಿ ಕರೆಂಟು ಅಗ್ಗ ಅಂತ ಟೈಮರ್ ಇಟ್ಟು ಓಡಿಸುತ್ತಿದ್ದ ವಾಷಿಂಗ್ ಮೆಷಿನ್ ನೀರು ತುಂಬಿಕೊಂಡು ವಾಲ್ವ್ ಮುಚ್ಚಿದಾಗೆಲ್ಲ ಪೈಪು ಹೋಗಿ ಗೋಡೆಗೆ ಬಡಿಯುತ್ತಿತ್ತು.

ಊರಲ್ಲಿ ಸಂಪಿನಿಂದ ಮೇಲಿನ ಟ್ಯಾಂಕಿಗೆ ಹತ್ತಿಸಿ, ಅಲ್ಲಿಂದ ಇಳಿದು ಬರುವ ನೀರಿಗೆ ಹೊಂದಿಕೊಂಡ ನಮಗೆ ಇಲ್ಲಿನ ಏರ್ಪಾಡು ಹೊಸದು. ರಸ್ತೆಯ ಮೇನ್ ಪೈಪಿನ ಒತ್ತಡದಲ್ಲೇ ನೀರು ನೇರ ಅಡುಗೆಮನೆ ನಲ್ಲಿಗೆ ಬರುತ್ತದೆ. ಹಳೆಯ ಮನೆಗಳಲ್ಲಿ ಒಂದು ಕವಲು ಸೂರಿನಡಿಯ ಲಾಫ್ಟಿಗೆ ಹೋಗಿ ಅಲ್ಲಿನ ಟ್ಯಾಂಕು ತುಂಬಿಸುತ್ತದೆ. ಬಚ್ಚಲಿಗೂ ಬಿಸಿನೀರಿನ ತಾಮ್ರದ ಸಿಲಿಂಡರಿಗೂ ಆ ಟ್ಯಾಂಕಿನದೇ ನೀರು. ಕಾಂಬಿ ಬಾಯ್ಲರ್, ಅಂದರೆ ರೇಡಿಯೇಟರಿಗೂ ನಲ್ಲಿಗೂ ಬೇಕಾದಾಗಲೇ ನೀರು ಕಾಯಿಸುವ ಒಂದೇ ಬಾಯ್ಲರ್ ಇರುವ ಮನೆಗಳಲ್ಲಿ ಟ್ಯಾಂಕೂ ಇಲ್ಲ, ಸಿಲಿಂಡರೂ ಇಲ್ಲ, ಎಲ್ಲ ನಲ್ಲಿಗೂ ಮೇನ್ ಒತ್ತಡವೇ. ಇದಲ್ಲದೆ ರೇಡಿಯೇಟರುಗಳ ಬಿಸಿನೀರು ತನ್ನದೇ ಪೈಪುಗಳಲ್ಲಿ ಸುತ್ತುತ್ತಿರುತ್ತದೆ. ನಿಮ್ಮ ಮನೆ ಯಾವ ಬಗೆಯದು ಅಂತ ಮೊದಲು ತಿಳಿದುಕೊಳ್ಳಿ.

ಆಮೇಲೆ ಸದ್ದು ಎಲ್ಲಿಂದ ಅಂತ ಗೋಡೆಗೆ ಕಿವಿ ಇಟ್ಟು ಹುಡುಕಬೇಡಿ. ತಾಮ್ರದ ಪೈಪು ಸದ್ದನ್ನು ಮನೆ ತುಂಬ ಹೊತ್ತು ತಿರುಗುತ್ತದೆ, ಕಿವಿ ಮೋಸ ಹೋಗುತ್ತದೆ. ಯಾವಾಗ ಬರುತ್ತದೆ ಅನ್ನುವುದನ್ನು ನೋಡಿ. ನಲ್ಲಿ ಮುಚ್ಚಿದ ಕ್ಷಣಕ್ಕೋ, ನೀರು ಹರಿಯುವಾಗಲೋ, ಹೀಟಿಂಗ್ ಶುರುವಾದಾಗಲೋ, ಏನೂ ಓಡದೆ ಇರುವಾಗಲೋ? ಇಷ್ಟು ಗೊತ್ತಾದರೆ ಮುಕ್ಕಾಲು ಪಾಲು ಕೆಲಸ ಮುಗಿದ ಹಾಗೆ.

ಮುಚ್ಚಿದ ಕೂಡಲೇ ಢಬ್ ಅಂದರೆ ಅದು ವಾಟರ್ ಹ್ಯಾಮರ್. ಪೈಪಿನುದ್ದಕ್ಕೂ ಓಡಿ ಬರುತ್ತಿದ್ದ ನೀರಿಗೆ ದಿಢೀರನೆ ಬಾಗಿಲು ಹಾಕಿದರೆ ಆ ವೇಗವೆಲ್ಲ ಒತ್ತಡದ ಅಲೆಯಾಗಿ ಹಿಂದಕ್ಕೆ ಬಡಿಯುತ್ತದೆ. ಸಡಿಲವಾಗಿ ನೇತಾಡುವ ಪೈಪು ಇದ್ದರೆ ಅದು ಮರದ ತೊಲೆಗೋ ಗೋಡೆಗೋ ಗುದ್ದುತ್ತದೆ. ಕಾಲು ಸುತ್ತಿಗೇ ಮುಚ್ಚುವ ಸೆರಾಮಿಕ್ ನಲ್ಲಿಗಳು, ವಾಷಿಂಗ್ ಮೆಷಿನ್, ಡಿಶ್‌ವಾಷರ್, ಇವೆಲ್ಲ ನೀರನ್ನು ಹೀಗೆ ಥಟ್ಟನೆ ನಿಲ್ಲಿಸುವಂಥವು. ಖರ್ಚಿಲ್ಲದ ಮದ್ದು ಮೊದಲು: ಮನೆಗೆ ಬರುವ ನೀರನ್ನೆಲ್ಲ ನಿಲ್ಲಿಸುವ ವಾಲ್ವಾದ ಸ್ಟಾಪ್‌ಕಾಕನ್ನು ಸ್ವಲ್ಪ ತಿರುಗಿಸಿ ಹರಿವು ಕಡಿಮೆ ಮಾಡಿ. ಅದು ಸಾಮಾನ್ಯವಾಗಿ ಅಡುಗೆಮನೆ ಸಿಂಕಿನ ಕೆಳಗೆ, ಸೋಪಿನ ಡಬ್ಬಿಗಳ ಹಿಂದೆ ಅಡಗಿ ಕೂತಿರುತ್ತದೆ. ಬಲಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ವರ್ಷಗಟ್ಟಲೆ ಮುಟ್ಟದೆ ಬಿಗಿದುಕೊಂಡಿದ್ದರೆ ಜೋರು ಮಾಡಬೇಡಿ, ಮುರಿದರೆ ಅಡುಗೆಮನೆಯೇ ಕೆರೆ. ಮುಂದೆ ಎಂದಾದರೂ ಪೂರ್ತಿ ತೆರೆದಾಗ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಬಿಡಿ, ಮತ್ತೆ ಬಿಗಿದುಕೊಳ್ಳುವುದಿಲ್ಲ.

ಅದರಿಂದ ಆಗದಿದ್ದರೆ ಮೆಷಿನ್ ಮುಂದಕ್ಕೆಳೆದು ಹಿಂದಿನ ಪೈಪು ಹಿಡಿದು ಅಲ್ಲಾಡಿಸಿ. ನಮ್ಮ ಮನೆಯಲ್ಲಿ 15 ಮಿ.ಮೀ. ತಾಮ್ರದ ಪೈಪು ಒಂದೂವರೆ ಮೀಟರ್ ಉದ್ದಕ್ಕೂ ಒಂದು ಕ್ಲಿಪ್ ಇಲ್ಲದೆ ನಿಂತಿತ್ತು. ಗೋಡೆಯ ಮೇಲೆ ಅದು ಬಡಿದು ಬಡಿದು ಮೂಡಿದ ಬೂದು ಗೆರೆ ಬೆರಳಿಗೆ ತಾಗುವಷ್ಟು ಆಳವಾಗಿತ್ತು. ಮೂರು ಪ್ಲಾಸ್ಟಿಕ್ ಕ್ಲಿಪ್ ಹೊಡೆದು, ಮೆಷಿನ್ನಿನ ಪುಟ್ಟ ವಾಲ್ವಿಗೂ ಹೋಸಿಗೂ ನಡುವೆ ಒಂದು ಶಾಕ್ ಅರೆಸ್ಟರ್ ತಿರುಗಿಸಿದ ಮೇಲೆ ಸದ್ದು ನಿಂತಿತು. ಒಳಗೆ ಗಾಳಿಯ ಮೆತ್ತೆ ಇರುವ ಚಿಕ್ಕ ಸಾಧನ ಅದು, ಹೊಡೆತವನ್ನು ತಾನು ನುಂಗಿಕೊಳ್ಳುತ್ತದೆ. ವಾರ ಕಳೆದು ಪಕ್ಕದ ಮನೆಯಾಕೆ ಸಿಕ್ಕಾಗ, ‘ಈಗ ಚೆನ್ನಾಗಿ ನಿದ್ದೆ ಬರುತ್ತಿದೆ’ ಅಂದರು. ಅಷ್ಟೂ ದಿನ ಒಂದು ಮಾತೂ ಆಡಿರಲಿಲ್ಲ. ಇಲ್ಲಿಯವರ ಸಹನೆಯೋ ಸಂಕೋಚವೋ, ನನಗಿನ್ನೂ ಬಗೆಹರಿದಿಲ್ಲ.

ಟಾಯ್ಲೆಟ್ ಫ್ಲಶ್ ಮಾಡಿದ ಮೇಲೋ ಸ್ನಾನ ಮುಗಿದ ಮೇಲೋ ಮನೆಯೆಲ್ಲ ಗುಂಯ್ ಅಂದರೆ ಬಾಲ್‌ವಾಲ್ವನ್ನು ನೋಡಿ, ಕೈಯ ತುದಿಯ ಚೆಂಡು ನೀರಿನ ಜೊತೆ ತೇಲಿ ಮೇಲೆದ್ದಾಗ ಮುಚ್ಚಿಕೊಳ್ಳುವ ವಾಲ್ವ್ ಅದು. ಟಾಯ್ಲೆಟ್ಟಿನ ಫ್ಲಶ್ ತೊಟ್ಟಿಯಲ್ಲಿರಬಹುದು, ಲಾಫ್ಟಿನ ಟ್ಯಾಂಕಿನಲ್ಲಿರಬಹುದು. ಟಾರ್ಚ್ ಹಿಡಿದು ಲಾಫ್ಟಿಗೆ ಹತ್ತಿದರೆ ತೊಲೆಗಳ ಮೇಲಷ್ಟೇ ಕಾಲಿಡಿ, ನಡುವೆ ಇಟ್ಟರೆ ಕೆಳಗಿನ ಕೋಣೆಯ ಸೀಲಿಂಗಿನಿಂದ ನಿಮ್ಮ ಕಾಲು ನೇತಾಡುತ್ತದೆ. ಟ್ಯಾಂಕು ತುಂಬುತ್ತ ಬಂದಾಗ ಚೆಂಡು ಅಲೆಯ ಮೇಲೆ ಕುಣಿಯುತ್ತದೆ. ಅದು ಕುಣಿದಂತೆ ವಾಲ್ವ್ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತ ಪೈಪನ್ನು ತಂಬೂರಿ ಮಾಡುತ್ತದೆ. ಅದರ ಕೈಯನ್ನು ಮೆಲ್ಲಗೆ ಮೇಲೆತ್ತಿ ಹಿಡಿಯಿರಿ, ಸದ್ದು ನಿಂತರೆ ಕಳ್ಳ ಸಿಕ್ಕ ಹಾಗೆ. ವಾಷರ್ ಬದಲಿಸಿದರೂ ಸಾಕಾಗಬಹುದು. ನನ್ನನ್ನು ಕೇಳಿದರೆ ಹಳೆಯ ಹಿತ್ತಾಳೆಯ ವಾಲ್ವನ್ನೇ ತೆಗೆದು ರಬ್ಬರ್ ಪೊರೆಯಿಂದ ನೀರು ತಡೆಯುವ ಡಯಾಫ್ರಾಮ್ ಬಗೆಯದನ್ನು ಹಾಕಿಸುವುದು ಮೇಲು.

ಹೀಟಿಂಗ್ ಹಾಕಿದ ಹತ್ತು ನಿಮಿಷಕ್ಕೆ ನೆಲದಡಿ ಟಿಕ್ ಟಿಕ್ ಅಂದರೆ ಭಯ ಬೇಡ. ಐದು ಮೀಟರ್ ತಾಮ್ರದ ಪೈಪು 50 ಡಿಗ್ರಿ ಬಿಸಿಯೇರಿದರೆ ಸುಮಾರು 4 ಮಿ.ಮೀ. ಉದ್ದವಾಗುತ್ತದೆ. ತೊಲೆಯ ಕಚ್ಚಿನಲ್ಲಿ ಬಿಗಿಯಾಗಿ ಕೂತಿದ್ದರೆ ಅಷ್ಟನ್ನು ಜಾರಿ ಜಾರಿ ಬೆಳೆಯುತ್ತದೆ, ಆಗಿನ ಸದ್ದು ಅದು. ನೆಲದ ಹಲಗೆ ಎತ್ತಿ ಪೈಪಿನಡಿ ಫೆಲ್ಟ್ ತುಂಡು ತೂರಿಸಿದರೆ ಹೋಗುತ್ತದೆ, ಆದರೆ ಕಾರ್ಪೆಟ್ ಕಿತ್ತು ಅಷ್ಟೆಲ್ಲ ಮಾಡುವಷ್ಟು ದೊಡ್ಡ ರೋಗವಲ್ಲ. ರೇಡಿಯೇಟರು ಗುಳುಗುಳು ಅಂದರೆ ಒಳಗೆ ಗಾಳಿ. ಹೀಟಿಂಗ್ ಆರಿಸಿ, ತಣ್ಣಗಾದ ಮೇಲೆ, ಕೆಳಗೆ ಬಟ್ಟೆ ಹಿಡಿದು, ಮೇಲಿನ ತುದಿಯ ಗಾಳಿ ವಾಲ್ವಿಗೆ ರೇಡಿಯೇಟರಿನ ಕೀಲಿ ಹಾಕಿ ಅರ್ಧ ಸುತ್ತು ತಿರುಗಿಸಿ. ಸುಯ್ ಅಂತ ಗಾಳಿ ಹೋಗಿ ನೀರು ಬಂದ ಕೂಡಲೇ ಮುಚ್ಚಿ. ಆ ನೀರು ಕಪ್ಪಗಿರುತ್ತದೆ, ಬಿಳಿ ಕಾರ್ಪೆಟ್ ಇದ್ದರೆ ಜೋಪಾನ. ಕಾಂಬಿ ಇದ್ದರೆ ಆಮೇಲೆ ಬಾಯ್ಲರಿನಲ್ಲಿ ನೀರಿನ ಒತ್ತಡ ತೋರಿಸುವ ಮುಳ್ಳು ನೋಡಿ. ತಣ್ಣಗಿರುವಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು.

ಬಾಯ್ಲರೇ ನೀರು ಕುದಿಯುವ ಕೆಟಲಿನಂತೆ ಗೊರಗುಟ್ಟಿದರೆ ಹೆಚ್ಚಾಗಿ ಒಳಗೆ ಸುಣ್ಣವೋ ಕೆಸರೋ ಕಟ್ಟಿರುತ್ತದೆ. ಲಂಡನ್ನೂ ಸೇರಿ ಆಗ್ನೇಯ ಇಂಗ್ಲೆಂಡಿನ ಗಡಸು ನೀರಿನಲ್ಲಿ ಇದು ಮಾಮೂಲು, ಸ್ಕಾಟ್ಲೆಂಡಿನ ಮೆದುನೀರಿನಲ್ಲಿ ಅಪರೂಪ. ಇಲ್ಲಿ ಮಾತ್ರ ಕೈ ಹಾಕಬೇಡಿ. ಗ್ಯಾಸ್ ಕೆಲಸವನ್ನು ಗ್ಯಾಸ್ ಸೇಫ್ ರಿಜಿಸ್ಟರ್ ಅನ್ನುವ ಅಧಿಕೃತ ಪಟ್ಟಿಯಲ್ಲಿರುವ ಎಂಜಿನಿಯರೇ ಮಾಡಬೇಕು ಅಂತ ಕಾನೂನಿದೆ. ಫೋಟೋ ಇರುವ ಕಾರ್ಡು ಕೇಳಿ, ಹಿಂಬದಿಯನ್ನೂ ಓದಿ. ಯಾವ ಯಾವ ಗ್ಯಾಸ್ ಕೆಲಸಕ್ಕೆ ಅರ್ಹತೆ ಇದೆ ಅನ್ನುವುದು ಅಲ್ಲಿರುತ್ತದೆ.

ಮನೆಯಲ್ಲಿ ಏನೂ ಓಡದಿದ್ದರೂ ಸಣ್ಣಗೆ ಸುಯ್ ಅನ್ನುತ್ತಲೇ ಇದ್ದರೆ ಸೋರಿಕೆ ಇರಬಹುದು. ಮೀಟರ್ ಇದ್ದರೆ ರಾತ್ರಿ ಮಲಗುವಾಗಲೂ ಬೆಳಗ್ಗೆ ನಲ್ಲಿ ಮುಟ್ಟುವ ಮುಂಚೆಯೂ ಅಂಕಿ ಬರೆದುಕೊಳ್ಳಿ. ಬದಲಾಗಿದ್ದರೆ ಮುಂದಿನ ಪ್ರಶ್ನೆ ಗಡಿಯದು. ರಸ್ತೆಯ ಮೇನ್‌ನಿಂದ ನಿಮ್ಮ ಜಾಗದ ಗಡಿಯವರೆಗಿನ ಪೈಪು ಸಾಮಾನ್ಯವಾಗಿ ನೀರಿನ ಕಂಪನಿಯದು, ಅಲ್ಲಿಂದ ಒಳಗಿನದು ಮನೆಯ ಮಾಲೀಕರದು. ಆದರೂ ಮೊದಲು ಕಂಪನಿಗೇ ಫೋನ್ ಮಾಡಿ. ಒಳಗಿನ ಪೈಪಿನ ಸೋರಿಕೆಗೂ ನೆರವು ಕೊಡುವ ಕಂಪನಿಗಳಿವೆ.

ಬಾಡಿಗೆಗಿದ್ದರೆ ಸ್ಟಾಪ್‌ಕಾಕು, ರೇಡಿಯೇಟರಿನ ಕೀಲಿ ಬಿಟ್ಟು ಬೇರೇನನ್ನೂ ಕೇಳದೆ ಮುಟ್ಟಬೇಡಿ, ಡೆಪಾಸಿಟ್ಟಿಗೆ ಕತ್ತರಿ ಬಿದ್ದೀತು. ನಾನು ಮೂರು ಕ್ಲಿಪ್ಪಿಗೂ ಮೇಲ್ ಮಾಡಿ ಒಪ್ಪಿಗೆ ತೆಗೆದುಕೊಂಡಿದ್ದೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ನೀರು, ಗ್ಯಾಸ್, ಹೀಟಿಂಗ್, ಬಿಸಿನೀರಿನ ಏರ್ಪಾಡುಗಳನ್ನು ಸುಸ್ಥಿತಿಯಲ್ಲಿಡುವ ಹೊಣೆ ಲ್ಯಾಂಡ್‌ಲಾರ್ಡಿನದು. ಇಂಗ್ಲೆಂಡಿನಲ್ಲಿ ಇದಕ್ಕೆ ಆಧಾರ 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 11ನೇ ಸೆಕ್ಷನ್. ವೇಲ್ಸಿನಲ್ಲಿ ಈಗ ಬೇರೆ ಕಾಯ್ದೆ, ಸ್ಕಾಟ್ಲೆಂಡಿನಲ್ಲಿ 2006ರ ಹೌಸಿಂಗ್ ಕಾಯ್ದೆ. ಕಾನೂನಿನ ಮಾತು ರಿಪೇರಿಯದು, ನೆಮ್ಮದಿಯದಲ್ಲ. ಹಾಗಾಗಿ ‘ತುಂಬಾ ಸದ್ದು, ನಿದ್ದೆ ಬರುತ್ತಿಲ್ಲ’ ಅಂತ ಮಾತ್ರ ಬರೆದರೆ ಲೆಟಿಂಗ್ ಏಜೆಂಟು ‘ಹಳೆಯ ಮನೆ, ಹಾಗೇ’ ಅಂದು ಕೈ ತೊಳೆದುಕೊಳ್ಳುತ್ತಾನೆ. ನನಗೆ ಮೊದಲು ಬಂದ ಉತ್ತರವೂ ಅದೇ. ‘ಬಾಲ್‌ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ, ಪೈಪಿನ ಕ್ಲಿಪ್ ಕಿತ್ತುಹೋಗಿದೆ, ಜಾಯಿಂಟ್ ಸಡಿಲವಾಗುವ ಅಪಾಯವಿದೆ’ ಅಂತ ಬರೆಯಿರಿ, ತಾರೀಖು, ಹೊತ್ತು, ಒಂದು ವಿಡಿಯೋ ಜೊತೆಗೆ. ಫೋನಿನಲ್ಲಿ ಹೇಳಿದ್ದನ್ನೂ ಆಮೇಲೆ ಮೇಲ್‌ನಲ್ಲಿ ಹಾಕಿ. ಎಷ್ಟು ಸಿಟ್ಟು ಬಂದರೂ ಬಾಡಿಗೆ ಮಾತ್ರ ತಡೆಹಿಡಿಯಬೇಡಿ, ಬಾಕಿದಾರರಾಗಿ ನಿಮ್ಮ ಕಡೆಯೇ ದುರ್ಬಲವಾಗುತ್ತದೆ. ಲ್ಯಾಂಡ್‌ಲಾರ್ಡ್ ಜಗ್ಗದಿದ್ದರೆ ಇಂಗ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲ್ಲಿನ ಎನ್ವಿರಾನ್ಮೆಂಟಲ್ ಹೆಲ್ತ್ ವಿಭಾಗಕ್ಕೆ ಹೋಗಬಹುದು, ಸ್ಕಾಟ್ಲೆಂಡಿನಲ್ಲಿ ಟ್ರಿಬ್ಯುನಲ್ಲಿಗೆ.

ಸ್ವಂತ ಫ್ಲ್ಯಾಟಾದರೆ ಲೀಸ್ ಪತ್ರ ತೆಗೆದು ಓದಿ. ಸಾಮಾನ್ಯವಾಗಿ ಎಲ್ಲ ಮಹಡಿಗೂ ಹೋಗುವ ಪೈಪು ಇಡೀ ಕಟ್ಟಡದ ಒಡೆಯನಾದ ಫ್ರೀಹೋಲ್ಡರಿನದು, ನಿಮ್ಮ ಮನೆಗೆ ಮಾತ್ರ ಬರುವ ಕವಲು ನಿಮ್ಮದು. ಸ್ವಂತ ಮನೆಯಾದರೆ ಎಲ್ಲ ನಿಮ್ಮ ತಲೆಗೇ. ಇಲ್ಲಿ ಯಾರು ಬೇಕಾದರೂ ತಮ್ಮನ್ನು ಪ್ಲಂಬರ್ ಅಂತ ಕರೆದುಕೊಳ್ಳಬಹುದು, ಆ ಹೆಸರಿಗೆ ಕಾನೂನಿನ ಕಾವಲಿಲ್ಲ. ಅದಕ್ಕೇ ಅರ್ಹ ಪ್ಲಂಬರುಗಳ ವಾಟರ್‌ಸೇಫ್ ಪಟ್ಟಿಯಲ್ಲಿ ಹುಡುಕಿ. ಬರುವ ಮುಂಚೆಯೇ ಕಾಲ್‌ಔಟ್ ಚಾರ್ಜ್ ಎಷ್ಟು, ಮೊದಲ ಗಂಟೆ ಅದರಲ್ಲೇ ಸೇರಿದೆಯೇ, ವ್ಯಾಟ್ ಬೇರೆಯೇ ಅಂತ ಕೇಳಿ ಮೆಸೇಜಿನಲ್ಲಿ ಬರೆಸಿಕೊಳ್ಳಿ. ರಾತ್ರಿಯ ಮತ್ತು ಭಾನುವಾರದ ರೇಟು ಬೇರೆ ಇರುತ್ತದೆ. ಬರೀ ಸದ್ದಾದರೆ ಸೋಮವಾರದವರೆಗೆ ಕಾಯಿರಿ.