ರಾತ್ರಿ ಹತ್ತರ ನಂತರದ ಧ್ವನಿವರ್ಧಕ: ದೂರು ಕೊಡುತ್ತ ನಾನು ಕಲಿತದ್ದು

ಮುಂಬಯಿಯ ಮಧ್ಯ ರೈಲ್ವೆ ಮಾರ್ಗದ ಉಪನಗರವೊಂದರಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಗೆ ನಾನು ಆರು ವರ್ಷ ಕಾರ್ಯದರ್ಶಿಯಾಗಿದ್ದೆ. ನಲವತ್ತೆರಡು ಮನೆಗಳ ಈ ಕಟ್ಟಡದಲ್ಲಿ ಕುಂದಾಪುರ, ಉಡುಪಿ ಕಡೆಯಿಂದ ಬಂದು ಹೋಟೆಲು, ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದವರ ಮನೆಗಳೇ ಹದಿನೈದರಷ್ಟಿವೆ. ಹಿಂಬದಿಯ ಕಾಂಪೌಂಡ್ ಗೋಡೆಗೆ ತಾಗಿಕೊಂಡು, ಮದುವೆ, ಆರತಕ್ಷತೆಗಳಿಗೆ ಬಾಡಿಗೆಗೆ ಕೊಡುವ ಬಯಲು ಲಾನ್ ಇದೆ. ಲಗ್ನದ ಋತುವಿನಲ್ಲಿ ಅಲ್ಲಿ ರಾತ್ರಿ ಹನ್ನೊಂದೂವರೆಯವರೆಗೆ ಡಿಜೆ ನಡೆಯುತ್ತಿತ್ತು. ಎರಡನೇ ಮಹಡಿಯಲ್ಲಿ ಹೃದಯದ ಕಾಯಿಲೆಯಿದ್ದ ಅಜ್ಜಿಯೊಬ್ಬರು ಒಂದು ರಾತ್ರಿ ನನ್ನನ್ನು ಅಡುಗೆಮನೆಗೆ ಕರೆದು, ಶೆಲ್ಫಿನಲ್ಲಿದ್ದ ಸ್ಟೀಲ್ ಡಬ್ಬಿಗಳನ್ನು ತೋರಿಸಿದರು. ಪ್ರತಿ ಹೊಡೆತಕ್ಕೂ ಮುಚ್ಚಳಗಳು ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. "ಕಿವಿಗೆ ಹತ್ತಿ ಇಟ್ಕೊಂಡೆ ಮಗಾ, ಎದೆಗೆ ಏನು ಇಟ್ಕೊಳ್ಳಲಿ?" ಎಂದರು. ಆ ರಾತ್ರಿಯಿಂದ ಈ ಕೆಲಸವನ್ನು ನಾನು ಗಂಭೀರವಾಗಿ ಹಿಡಿದೆ.

ಮೊದಲ ಋತು ಪೂರ್ತಿ ವ್ಯರ್ಥವಾಯಿತು. 112ಕ್ಕೆ ಕರೆ ಮಾಡಿದರೆ ಪೊಲೀಸರು ಬರುತ್ತಿದ್ದರು, ಸದ್ದು ತಗ್ಗುತ್ತಿತ್ತು, ಅವರ ಗಾಡಿ ತಿರುವು ದಾಟಿದೊಡನೆ ಮತ್ತೆ ಏರುತ್ತಿತ್ತು. ನಾನು ಮೊಬೈಲ್ ಆ್ಯಪ್‌ನಲ್ಲಿ ಡೆಸಿಬಲ್ ಅಳೆದು, ಅಂಕಿಗಳನ್ನು ತುಂಬಿ, ನಮ್ಮ ಸಂಕಟವನ್ನೆಲ್ಲ ತೋಡಿಕೊಂಡು ಮೂರು ಪುಟದ ಪತ್ರ ಬರೆದೆ. ಠಾಣೆಯ ಅಧಿಕಾರಿಯೊಬ್ಬರು ಅದನ್ನು ಓದಿ, ಈ ಮೀಟರ್ ಪ್ರಮಾಣೀಕೃತವೇ, ಎಲ್ಲಿ ನಿಂತು ಅಳೆದಿರಿ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಮನೆಗೆ ಬಂದು ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000 ಇವುಗಳ ಮೂಲ ಪಠ್ಯವನ್ನೇ ಓದಿದೆ. ಇಡೀ ದೇಶಕ್ಕೆ ಅನ್ವಯಿಸುವ ಈ ನಿಯಮಗಳು ಬಹಳ ಉದ್ದವೇನಿಲ್ಲ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ನಾನು ತಪ್ಪಿದ್ದು ಎಲ್ಲಿ ಎಂಬುದು ಐದನೇ ನಿಯಮ ಓದಿದಾಗ ತಿಳಿಯಿತು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕವನ್ನಾಗಲಿ, ವಾದ್ಯವನ್ನಾಗಲಿ ಮುಚ್ಚಿದ ಸಭಾಂಗಣದ ಹೊರಗೆ ಬಳಸುವುದೇ ನಿಷಿದ್ಧ. ಸಾರ್ವಜನಿಕ ತುರ್ತು ಸಂದರ್ಭಕ್ಕೆ ಮಾತ್ರ ವಿನಾಯಿತಿ. ಸದ್ದು ಎಷ್ಟು ಡೆಸಿಬಲ್ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಬಯಲಿನಲ್ಲಿ ಹತ್ತರ ನಂತರ ಸ್ಪೀಕರ್ ನುಡಿಯುತ್ತಿತ್ತು ಎಂಬುದಷ್ಟೇ ಸಾಕು. ಅಳತೆಯೇ ಬೇಡದ ಕಡೆ ನಾನು ಇಡೀ ಋತು ಅಳತೆ ಮಾಡುತ್ತ ಕುಳಿತಿದ್ದೆ.

ಒಂದು ವಿನಾಯಿತಿಯನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗಾಗಿ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಮಧ್ಯರಾತ್ರಿ ಹನ್ನೆರಡರವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. ಆ ದಿನಗಳ ಪಟ್ಟಿಯನ್ನು ವರ್ಷದ ಆರಂಭದಲ್ಲೇ ತಂದು ಸೊಸೈಟಿಯ ನೋಟಿಸ್ ಬೋರ್ಡಿಗೆ ಅಂಟಿಸಿದೆ. ಪಟ್ಟಿಯಲ್ಲಿರುವ ದಿನ ದೂರು ಕೊಟ್ಟು ಹೆಸರು ಕೆಡಿಸಿಕೊಂಡರೆ, ಉಳಿದ ದಿನಗಳ ದೂರಿಗೂ ಬೆಲೆ ಉಳಿಯುವುದಿಲ್ಲ.

ಎರಡನೇ ಋತುವಿಗೆ ಮುನ್ನ, ಹಗಲು ಹೊತ್ತಿನಲ್ಲಿ, ಲಾನಿನ ವ್ಯವಸ್ಥಾಪಕರನ್ನು ಕಂಡೆ. ತಮ್ಮಲ್ಲಿ ಪೊಲೀಸ್ ಪರವಾನಗಿ ಇದೆ ಎಂದು ಅವರು ಹೇಳಿದಾಗ, ಅದನ್ನು ಓದಲು ಕೇಳಿದೆ. ಹತ್ತು ಗಂಟೆಯ ಮಿತಿ ಅದರಲ್ಲೇ ಬರೆದಿತ್ತು. ನಮ್ಮದೂ ಹಾಲೇ ಎಂಬ ವಾದಕ್ಕೆ, ನಿಯಮ ಕೇಳುವುದು ಮುಚ್ಚಿದ ಜಾಗವನ್ನು, ಬಟ್ಟೆಯ ಮಂಟಪ ಗೋಡೆಯಾಗುವುದಿಲ್ಲ ಎಂದೆ. ಕೊನೆಗೆ, ನಾಲ್ಕು ಸ್ಪೀಕರ್ ಬಾಕ್ಸ್‌ಗಳಲ್ಲಿ ಎರಡನ್ನು ತೆಗೆಸುತ್ತೇನೆ ಎಂದರು. ಕೇಳಲು ಹಿತವಾದ ಈ ಮಾತಿನಿಂದ ಆಗುವ ಪ್ರಯೋಜನ ಬಹಳ ಕಡಿಮೆ. ಡೆಸಿಬಲ್ ಲೆಕ್ಕದಲ್ಲಿ ಶಬ್ದದ ಶಕ್ತಿ ಅರ್ಧಕ್ಕಿಳಿದರೆ ತಗ್ಗುವುದು ಸುಮಾರು 3 ಡೆಸಿಬಲ್ ಮಾತ್ರ, ಕಿವಿಗೆ ಅದು ಗೊತ್ತಾಗುವುದೂ ಕಷ್ಟ. ಬದಲಿಗೆ, ಹಗಲಿನ ಕಾರ್ಯಕ್ರಮಗಳಿಗೂ ಬಾಕ್ಸ್‌ಗಳ ಮುಖವನ್ನು ನಮ್ಮ ಗೋಡೆಯಿಂದ ರಸ್ತೆಯತ್ತ ತಿರುಗಿಸಿ, ಬೇಸ್ ತಗ್ಗಿಸಿ ಎಂದು ಕೇಳಿಕೊಂಡೆ. ಗೋಡೆ, ಕಿಟಕಿ ದಾಟಿ ಡಬ್ಬಿಯ ಮುಚ್ಚಳ ಅಲುಗಿಸುವುದು ಆ ತಗ್ಗಿನ ಸ್ವರವೇ. ಇದನ್ನು ಅವರು ಮಾಡಿದರು, ಇಳಿತವೂ ಚೆನ್ನಾಗಿ ಗೊತ್ತಾಯಿತು. ಆದರೆ ಹತ್ತು ಗಂಟೆಯ ಮಿತಿಯನ್ನು ಪಾಲಿಸಲಿಲ್ಲ.

ಹಾಗಾಗಿ ದೂರಿನ ಕ್ರಮವನ್ನೇ ಬದಲಿಸಿದೆ. ಹತ್ತು ಗಂಟೆ ಹತ್ತು ನಿಮಿಷಕ್ಕೆ ನಮ್ಮ ತಾರಸಿಯಿಂದಲೇ, ಮೊದಲು ಗಡಿಯಾರವನ್ನು, ಆಮೇಲೆ ಲಾನನ್ನು ತೋರಿಸುವ ಒಂದು ನಿಮಿಷದ ವಿಡಿಯೋ ತೆಗೆಯುತ್ತಿದ್ದೆ. 112ಕ್ಕೆ ಕರೆ ಮಾಡಿದ ಸಮಯ, ಪೊಲೀಸರು ಬಂದ ಸಮಯ, ಸದ್ದು ಮತ್ತೆ ಏರಿದ ಸಮಯ ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಮರುದಿನ ಬೆಳಿಗ್ಗೆ ಅರ್ಧ ಪುಟದ ಮರಾಠಿ ಪತ್ರ. ಇಂಥ ತಾರೀಖು, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ, ಇಂಥ ಬಯಲು ಜಾಗದಲ್ಲಿ ಧ್ವನಿವರ್ಧಕ ನುಡಿಯಿತು, ಇದು ಐದನೇ ನಿಯಮದ ಉಲ್ಲಂಘನೆ, ಕ್ರಮ ಕೈಗೊಂಡು ತಿಳಿಸಬೇಕು. ಇದಕ್ಕಿಂತ ಒಂದು ವಾಕ್ಯವೂ ಹೆಚ್ಚಿಲ್ಲ. ಅದನ್ನು ಠಾಣೆಯಲ್ಲಿ ದೂರು ಸ್ವೀಕರಿಸುವ ಅಧಿಕಾರಿಗೆ (ಠಾಣೆ ಅಮಲದಾರರಿಗೆ) ಕೊಟ್ಟು, ನನ್ನ ಪ್ರತಿಯ ಮೇಲೆ ಆವಕ ಕ್ರಮಾಂಕದ, ಅಂದರೆ ಪತ್ರ ಸ್ವೀಕರಿಸಿದ ಸಂಖ್ಯೆಯ, ಮೊಹರು ಬೀಳುವವರೆಗೆ ಬೆಂಚಿನ ಮೇಲೆ ಕಾಯುತ್ತಿದ್ದೆ. ಮೊಹರಿಲ್ಲದ ಪತ್ರ ಕೊಡದಂತೆಯೇ ಸರಿ. ಒಂದೇ ಜಾಗದ ಮೇಲೆ ಮೊಹರು ಬಿದ್ದ ಐದು ಪತ್ರಗಳು ಕೂಡಿದಾಗ, ಅವುಗಳ ಪ್ರತಿಗಳನ್ನು ಸಹಾಯಕ ಪೊಲೀಸ್ ಆಯುಕ್ತರಿಗೆ ಒಪ್ಪಿಸಿದೆ. ಲಾನಿನವರನ್ನು ಠಾಣೆಗೆ ಕರೆಸಿದ ಮೇಲೆ, ಮುಂದಿನ ಮದುವೆಯಲ್ಲಿ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಡಿಜೆ ನಿಂತಿತು.

ಹಗಲಿನ ದೂರಿಗೆ ಮಾತ್ರ ಅಳತೆ ಬೇಕು. ವಸತಿ ಪ್ರದೇಶದ ಮಿತಿ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್; ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಘೋಷಿತವಾದ 100 ಮೀಟರಿನ ಶಾಂತವಲಯದಲ್ಲಿ 50 ಮತ್ತು 40. ಮಿತಿಗಿಂತ 10 ಡೆಸಿಬಲ್ ಹೆಚ್ಚಾದಾಗ ದೂರು ಕೊಡಬಹುದು. ಇಂಥಲ್ಲಿ ನನ್ನ ಆ್ಯಪ್‌ನ ಅಂಕಿ ಬರೆಯುವುದನ್ನು ಬಿಟ್ಟು, ಪೊಲೀಸರು ತಮ್ಮ ಮೀಟರ್ ತಂದು ಅಳೆಯಲಿ ಎಂದು ಮಾತ್ರ ಬರೆದೆ.

ನೆರೆಯವರು ಸಹಿ ಹಾಕಲು ಹೆದರುತ್ತಿದ್ದುದು ಬಹುಕಾಲದ ತೊಡಕು. ಕುರ್ಲಾದ ನೆಹರೂ ನಗರದ ನಿವಾಸಿಗಳ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಕೊಟ್ಟ ತೀರ್ಪು ಈ ಭಯವನ್ನು ಬಹಳಷ್ಟು ಕಳೆಯಿತು. ದೂರುದಾರರ ಗುರುತನ್ನು ಕೇಳದೆಯೇ ಪೊಲೀಸರು ಕ್ರಮ ಕೈಗೊಳ್ಳಬೇಕು, ಗುರುತು ತಿಳಿದರೂ ಎದುರಿನವರಿಗೆ ಹೇಳಬಾರದು ಎಂದು ಅದರಲ್ಲಿದೆ.

ಇದೇ ನಿಯಮವನ್ನು ನಮಗೂ ಹಚ್ಚಿಕೊಳ್ಳದೆ ದೂರು ಕೊಡುವ ಮುಖ ನನಗಿರಲಿಲ್ಲ. ನಮ್ಮ ಗಣೇಶೋತ್ಸವದಲ್ಲಿ ಅಂಗಳದಲ್ಲಿ ಯಕ್ಷಗಾನ ಆಡಿಸುವ ವಾಡಿಕೆಯಿತ್ತು. ಚೆಂಡೆಯ ಪೆಟ್ಟು ಕೇಳಿ ಬೆಳೆದವನು ನಾನು. ಆದರೂ ವಾದ್ಯವೂ ನಿಯಮದೊಳಗೇ ಬರುತ್ತದೆ. ಪ್ರಸಂಗವನ್ನು ಮೂರು ಗಂಟೆಯ ಕಾಲಮಿತಿಗೆ ಇಳಿಸಿ, ಸಂಜೆ ಆರೂವರೆಗೆ ಚೌಕಿಪೂಜೆ ಮುಗಿಸಿ, ಒಂಬತ್ತೂಮುಕ್ಕಾಲಿಗೆ ಮಂಗಳ ಹಾಡಿಸಿದೆವು. ಹಿರಿಯರು ಕೆಲವರು ಬೇಸರಪಟ್ಟರು, ಅವರ ಬೇಸರ ನನಗೆ ಅರ್ಥವಾಗುತ್ತದೆ.

ಗೇಟಿನ ಬಳಿ ಕುಡಿದು ಕೂಗಾಡುವವರ ವಿಷಯ ಬೇರೆ. ಅದಕ್ಕೆ ಮಹಾರಾಷ್ಟ್ರ ಪೊಲೀಸ್ ಕಾಯ್ದೆ, 1951ರ 110ನೇ ಮತ್ತು 112ನೇ ಕಲಮುಗಳಿವೆ. ಅಲ್ಲಿ ನಾವು ಎದುರಿಗೆ ಹೋಗಿ ವಾದಿಸದೆ, ವಾರದ ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಬರೆದುಕೊಟ್ಟು, ಆ ಹೊತ್ತಿಗೆ ಬೀಟ್ ಪೊಲೀಸರ ಸುತ್ತು ಕೇಳಿದೆವು. ಆರಿಹೋಗಿದ್ದ ಬೀದಿದೀಪವನ್ನು ವಾರ್ಡ್ ಕಚೇರಿಯಿಂದ ಸರಿಮಾಡಿಸಿದ್ದು ಸುತ್ತಿಗಿಂತ ಹೆಚ್ಚು ನೆರವಾಯಿತು.

ಗಣೇಶ ವಿಸರ್ಜನೆಯ ಮೆರವಣಿಗೆಯ ಬೆಂಜೋ ವಾದ್ಯಮೇಳ ಮತ್ತು ಡಿಜೆ ಗಾಡಿಗಳಿಗೆ ಮಾತ್ರ ಈ ಕ್ರಮದಿಂದ ಉಪಯೋಗವಾಗಿಲ್ಲ. ಪೊಲೀಸರು ಬರುವಷ್ಟರಲ್ಲಿ ಗಾಡಿ ಮುಂದಿನ ರಸ್ತೆಯಲ್ಲಿರುತ್ತದೆ. ಮೆರವಣಿಗೆ ಸಾಗುವ ಎರಡು ರಾತ್ರಿ ಅಜ್ಜಿಯನ್ನು ಮಗಳು ಡೊಂಬಿವಲಿಗೆ ಕರೆದುಕೊಂಡು ಹೋಗುತ್ತಾರೆ. ನಾನು ಮಾತ್ರ ಗಾಡಿಗಳ ನಂಬರ್, ಹಾದುಹೋದ ಸಮಯ ಬರೆದು, ಮರುದಿನ ಮೊಹರು ಹಾಕಿಸಿಕೊಂಡು ಬರುತ್ತಿದ್ದೇನೆ.