ಬೀಳಗಿಯಿಂದ ಬಂದ ಕಾರ್ಡು

ವಿಜಯಪುರದ ಒಂದು ವಾರಪತ್ರಿಕೆಯಲ್ಲಿ ಹನ್ನೆರಡು ವರ್ಷ ನಾನು ಓದುಗರ ಸಿನಿಮಾ ಪ್ರಶ್ನೆಗಳಿಗೆ ಉತ್ತರ ಬರೆದೆ. ಇಂಡಿ, ಸಿಂದಗಿ, ತಾಳಿಕೋಟೆ, ಜಮಖಂಡಿಗಳಿಂದ ಐವತ್ತು ಪೈಸೆಯ ಕಾರ್ಡುಗಳು ಬರುತ್ತಿದ್ದವು. ಆ ನಟಿಯ ಖರೆ ವಯಸ್ಸೆಷ್ಟು? ಈ ನಾಯಕ ಜೋಳದ ರೊಟ್ಟಿ ತಿನ್ನುತ್ತಾರೆಯೇ? ಅವರಿಬ್ಬರ ನಡುವೆ ಏನೋ ಇದೆಯಂತೆ, ಹೌದೇ?

ಕಚೇರಿಯಲ್ಲಿ ಹಲವರು ಇವನ್ನು ಹುಚ್ಚು ಪ್ರಶ್ನೆಗಳೆಂದು ಬದಿಗೆ ಸರಿಸುತ್ತಿದ್ದರು. ನನಗೆ ಹಾಗೆ ಅನಿಸಲಿಲ್ಲ. ರೊಟ್ಟಿಯ ಬಗ್ಗೆ ಕೇಳಿದ ಹುಡುಗನಿಗೆ ಆ ನಾಯಕ ನಮ್ಮ ಕಡೆಯವರಂತೆ ಬದುಕುತ್ತಾರೆಯೇ ಎಂದು ತಿಳಿಯಬೇಕಿತ್ತು. ಅಂಥ ಕಾರ್ಡಿಗೆ ಗೊತ್ತಿದ್ದಷ್ಟು ಬರೆಯುತ್ತಿದ್ದೆ. ಸಂಬಂಧ, ವಿಚ್ಛೇದನದ ಪ್ರಶ್ನೆಗಳನ್ನು ಮಾತ್ರ ಬೇರೆ ಕಟ್ಟು ಕಟ್ಟಿಡುತ್ತಿದ್ದೆ. ಮೊದಲ ವರ್ಷ ಯಾರೋ ಫೋನಿನಲ್ಲಿ ಹೇಳಿದ್ದನ್ನು ನಂಬಿ ಒಬ್ಬ ನಟಿಯ ಸಂಸಾರ ಮುರಿಯಿತೆಂದು ಎರಡು ಸಾಲು ಬರೆದಿದ್ದೆ. ಅದು ಸುಳ್ಳಾಗಿತ್ತು. ತಿದ್ದುಪಡಿ ಹಾಕಿದರೂ ಊರಲ್ಲಿ ಉಳಿದದ್ದು ಮೊದಲಿನ ಎರಡು ಸಾಲೇ. ಆಮೇಲೆ ಸುದ್ದಿ ಹೇಳಿದ ಪ್ರತಿಯೊಬ್ಬರನ್ನೂ ‘ನೀವು ಕಂಡದ್ದೋ, ಕೇಳಿದ್ದೋ?’ ಎಂದು ವಿಚಾರಿಸತೊಡಗಿದೆ. ಕಂಡೆ ಎಂದವರು ತೀರ ಕಡಿಮೆ.

ಒಮ್ಮೆ ಬೀಳಗಿಯಿಂದ ಪೆನ್ಸಿಲ್ಲಿನಲ್ಲಿ ಬರೆದ ಕಾರ್ಡು ಬಂತು. ಅಕ್ಷರಗಳು ದೊಡ್ಡವು, ಸಾಲು ಬಲಕ್ಕೆ ಹೋದಂತೆ ಕೆಳಗಿಳಿಯುತ್ತಿತ್ತು. ‘ಗೋಹರಬಾಯಿ ಬಾಲಗಂಧರ್ವರಿಗೆ ಮಾಟ ಮಾಡಿಸಿ ಕಂಪನಿ ಮುಳುಗಿಸಿದರಂತೆ, ಖರೆಯೇ ಅಕ್ಕಾ?’

ಮರಾಠಿ ರಂಗಭೂಮಿಯಲ್ಲಿ ಸ್ತ್ರೀ ಪಾತ್ರಗಳಿಂದಲೇ ಮನೆಮಾತಾದ ಬಾಲಗಂಧರ್ವರ ಬಾಳಿಗೆ ಬೀಳಗಿಯ ಈ ಗಾಯಕಿ ಬಂದದ್ದು ಆ ಕಾಲದ ದೊಡ್ಡ ಗುಸುಗುಸು. ಮಾತು ಹಳೆಯದಾಗಿತ್ತು, ಆದರೆ ಬೀಳಗಿಯಲ್ಲಿ ಇನ್ನೂ ಆರಿರಲಿಲ್ಲ. ಈ ಕಾರ್ಡಿಗೆ ಒಂದು ತಿಂಗಳು ತೆಗೆದುಕೊಂಡೆ. ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ನುಡಿಸಿದ್ದ ಹಿರಿಯರೊಬ್ಬರ ಬಳಿ ಕುಳಿತೆ, ಸಿಕ್ಕಷ್ಟು ಓದಿದೆ. ಕೊನೆಗೆ ಇಸವಿಗಳನ್ನು ಒಂದರ ಕೆಳಗೊಂದು ಬರೆದುಕೊಂಡೆ. ಬಾಲಗಂಧರ್ವರ ಕಂಪನಿಯಾದ ಗಂಧರ್ವ ನಾಟಕ ಮಂಡಳಿಯ ತಲೆಯ ಮೇಲೆ 1920ರ ದಶಕದಲ್ಲೇ ದೊಡ್ಡ ಸಾಲವಿತ್ತು. 1931ರಲ್ಲಿ ದೇಶದ ಮೊದಲ ಮಾತಿನ ಸಿನಿಮಾ ‘ಆಲಂ ಆರಾ’ ಬಂದ ಮೇಲೆ ಜನ ಟಾಕೀಸಿನತ್ತ ತಿರುಗಿದರು. 1935ರಲ್ಲಿ ಬಾಲಗಂಧರ್ವರೇ ಪ್ರಭಾತ್ ಸಂಸ್ಥೆಯ ‘ಧರ್ಮಾತ್ಮಾ’ ಸಿನಿಮಾದಲ್ಲಿ ನಟಿಸಿದರು. ಗೋಹರಬಾಯಿ ಅವರ ನಾಟಕಗಳಿಗೆ ಬಂದದ್ದು ಇಷ್ಟೆಲ್ಲ ಆದ ಮೇಲೆ. ಸಾಲ ಮೊದಲು, ಗೋಹರಬಾಯಿ ನಂತರ. ಅಂದ ಮೇಲೆ ಮಾಟಕ್ಕೆ ಜಾಗವೆಲ್ಲಿ?

ಇದನ್ನೇ ಬರೆದೆ. ಜೊತೆಗೆ ಇನ್ನೊಂದು ಮಾತು ಸೇರಿಸಿದೆ: ಕಾಲುಗಳು ಸೋತ ಬಾಲಗಂಧರ್ವರನ್ನು 1964ರಲ್ಲಿ ತಾವು ತೀರಿಕೊಳ್ಳುವವರೆಗೂ ನೋಡಿಕೊಂಡವರು ಇದೇ ಗೋಹರಬಾಯಿ. ಮುಸ್ಲಿಂ ಹೆಣ್ಣು, ಹಾಡುವವಳು, ಪರಭಾಷೆಯವಳು ಎಂಬ ಕಾರಣಕ್ಕೆ ಎಲ್ಲ ತಪ್ಪನ್ನೂ ಆಕೆಯ ಕೊರಳಿಗೆ ಕಟ್ಟಿದರೆಂದೇ ನನಗೆ ಇಂದಿಗೂ ಅನಿಸುತ್ತದೆ. ಬರೆಯುವಾಗ ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಡಲಿಲ್ಲ.

ಎರಡು ವಾರದ ಮೇಲೆ ಅದೇ ಪೆನ್ಸಿಲ್ ಅಕ್ಷರದ ಇನ್ನೊಂದು ಕಾರ್ಡು ಬಂತು. ಅದರಲ್ಲಿ ಮಾಟದ ಮಾತಿರಲಿಲ್ಲ. ‘ಅವರ ತಂಗಿಯೋ ಅಕ್ಕನೋ ಅಮೀರಬಾಯಿಯೂ ನಮ್ಮೂರವರೇ. ಆಕೆಯ ಹಾಡು ಕೇಳಬೇಕು. ಯಾವ ಸಿನಿಮಾ?’

ಮುಂದಿನ ವಾರದ ಅಂಕಣವನ್ನು ಆ ಒಂದೇ ಪ್ರಶ್ನೆಗೆ ಕೊಟ್ಟೆ. ಸಿನಿಮಾ 1943ರ ‘ಕಿಸ್ಮತ್’, ಸಂಗೀತ ಅನಿಲ್ ಬಿಸ್ವಾಸ್. ಮೊದಲು ‘ಧೀರೇ ಧೀರೇ ಆ ರೇ ಬಾದಲ್’ ಕೇಳಿ, ಆಮೇಲೆ ‘ದೂರ್ ಹಟೋ’ ಎಂದು ಬರೆದೆ.