ಅರ್ಧ ಡಿಸ್ಕ್ ಖಾಲಿ ಬಿಟ್ಟ ಕಥೆ: ಲಿನಕ್ಸ್ ಪಾರ್ಟಿಷನ್ ಕುರಿತು ನನ್ನ ಅನುಭವ

ದಾವಣಗೆರೆಯ ನನ್ನ ಡಿಟಿಪಿ ಮತ್ತು ಸ್ಕ್ಯಾನಿಂಗ್ ಅಂಗಡಿಯ ಸರ್ವರ್‌ಗೆ ಮೂರು ವರ್ಷಗಳ ಹಿಂದೆ 1 ಟಿಬಿ ಎಸ್‌ಎಸ್‌ಡಿ ಹಾಕಿ, ಅದರಲ್ಲಿ ಸುಮಾರು 550 ಜಿಬಿಯನ್ನು ಯಾವುದಕ್ಕೂ ಹಂಚದೆ ಬಿಟ್ಟಾಗ ಜೊತೆಗಿದ್ದ ಇಬ್ಬರೂ ನಕ್ಕಿದ್ದರು. ಆರೇಳು ಸಾವಿರ ಕೊಟ್ಟು ತಂದದ್ದನ್ನು ಖಾಲಿ ಇಡುವುದಾದರೆ ಅರ್ಧ ಬೆಲೆಯದನ್ನೇ ತರಬಹುದಿತ್ತಲ್ಲ ಎಂಬುದು ಅವರ ವಾದ. ಅಂದಿನಿಂದ ಈವರೆಗೆ ಜಾಗದ ಕಾರಣಕ್ಕೆ ಆ ಯಂತ್ರವನ್ನು ಒಮ್ಮೆಯೂ ನಿಲ್ಲಿಸಿಲ್ಲವಾದ್ದರಿಂದ, ಇದನ್ನು ಬರೆಯುವ ಧೈರ್ಯ ಬಂದಿದೆ.

ಅದಕ್ಕೂ ಮೊದಲು ನಾನೂ ಎಲ್ಲರಂತೆ ಇಡೀ ಡಿಸ್ಕನ್ನು ರೂಟ್‌ಗೇ, ಅಂದರೆ ಲಿನಕ್ಸ್ ವ್ಯವಸ್ಥೆಯ ಮೂಲ ಫೋಲ್ಡರ್‌ಗೇ, ಕೊಟ್ಟಿದ್ದೆ. ಮದುವೆ ಪತ್ರಿಕೆಗಳ ಸುಗ್ಗಿಯ ಒಂದು ರಾತ್ರಿ ಸ್ಕ್ಯಾನರ್‌ನ ಡ್ರೈವರ್ ಒಂದೇ ದೋಷವನ್ನು ಲಕ್ಷಾಂತರ ಸಲ ಲಾಗ್‌ಗೆ (ಯಂತ್ರದ ದಿನಚರಿ ಕಡತಕ್ಕೆ) ಬರೆದು, ಉಳಿದಿದ್ದ ಎಪ್ಪತ್ತು ಎಂಬತ್ತು ಜಿಬಿಯನ್ನೂ ತುಂಬಿಸಿಬಿಟ್ಟಿತು. ಬೆಳಿಗ್ಗೆ ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಮತ್ತೆ ಲಾಗಿನ್ ಪರದೆಗೇ ಬಂದು ನಿಲ್ಲುತ್ತಿತ್ತು. ಆ ಸಿಟ್ಟಿನಲ್ಲಿ ಮರುಸ್ಥಾಪನೆ ಮಾಡುವಾಗ ಇನ್ನೊಂದು ಅತಿಗೆ ಹೋಗಿ ಡಿಸ್ಕನ್ನು ಏಳು ಪಾರ್ಟಿಷನ್, ಅಂದರೆ ಏಳು ಪ್ರತ್ಯೇಕ ಭಾಗ, ಮಾಡಿದೆ. ಯಂತ್ರ ಶುರುವಾಗಲು ಬೇಕಾದ ಫೈಲ್‌ಗಳಿರುವ ಬೂಟ್‌ಗೆ ಕೊಟ್ಟ 200 ಎಂಬಿ ಹಳೆಯ ಕರ್ನಲ್‌ಗಳಿಂದ (ಲಿನಕ್ಸ್‌ನ ತಿರುಳಿನ ಹಳೆಯ ಆವೃತ್ತಿಗಳಿಂದ) ತುಂಬಿ ಅಪ್‌ಡೇಟ್ ಅರ್ಧಕ್ಕೆ ನಿಂತಿತು. ಲಾಗ್‌ನಂಥ ಬೆಳೆಯುವ ಫೈಲ್‌ಗಳಿರುವ 10 ಜಿಬಿಯ ವರ್ ಉಸಿರುಗಟ್ಟುತ್ತಿದ್ದಾಗ ಪಕ್ಕದಲ್ಲಿ ಬಳಕೆದಾರರ ಫೈಲ್‌ಗಳಿಗೆಂದಿದ್ದ ಹೋಮ್‌ನಲ್ಲಿ 300 ಜಿಬಿ ಬಿದ್ದುಕೊಂಡಿತ್ತು. ಹೊಲದ ಬದುವನ್ನು ಬೆಳೆ ನಿಂತ ಮೇಲೆ ಸರಿಸಿದರೆ ಏನಾಗುತ್ತದೆಯೋ ಅದೇ ಇಲ್ಲೂ ಆಯಿತು. ಹೋಮ್‌ನ ಆರಂಭವನ್ನು, ಪಾರ್ಟಿಷನ್ ಬದಲಿಸುವ ತಂತ್ರಾಂಶ ಜಿಪಾರ್ಟೆಡ್‌ನಲ್ಲಿ ಬಲಕ್ಕೆ ಸರಿಸಲು ಹೊರಟೆ, ಅಂದರೆ ಅದರೊಳಗಿನ ದತ್ತಾಂಶವೆಲ್ಲ ಜಾಗ ಬದಲಿಸಬೇಕು. ಅದು ಅರ್ಧದಲ್ಲಿರುವಾಗ ವಿದ್ಯುತ್ ಹೋಯಿತು, ಹಳೆಯ ಬ್ಯಾಟರಿಯ ಯುಪಿಎಸ್ ಹತ್ತು ನಿಮಿಷವೂ ತಾಳಲಿಲ್ಲ.

ಬ್ಯಾಕಪ್ ಎರಡು ತಿಂಗಳಷ್ಟು ಹಳೆಯದಾಗಿತ್ತು. ದತ್ತಾಂಶ ಹಿಂಪಡೆದುಕೊಡುವವರೊಬ್ಬರು ಸುಮಾರು 18 ಸಾವಿರ ರೂಪಾಯಿ ತೆಗೆದುಕೊಂಡು ಮುಕ್ಕಾಲು ಪಾಲು ಫೈಲ್‌ಗಳನ್ನು ಕೊಟ್ಟರು, ಆದರೆ ಒಂದಕ್ಕೂ ಹೆಸರಿರಲಿಲ್ಲ, ಬರೀ ಸಂಖ್ಯೆಗಳು. ಅವುಗಳನ್ನು ತೆರೆದು ನೋಡಿ ಯಾವ ಗಿರಾಕಿಯದು ಎಂದು ವಿಂಗಡಿಸಲು ಹುಡುಗರ ಕೂಲಿ ಮತ್ತೆ ಎಂಟೊಂಬತ್ತು ಸಾವಿರ. ಖಾಲಿ ಬಿಟ್ಟ 550 ಜಿಬಿಯ ಬೆಲೆ ಎಷ್ಟೆಂದು ಕೇಳಿದವರಿಗೆ ನಾನು ಈ ಲೆಕ್ಕವನ್ನೇ ಹೇಳುತ್ತಿದ್ದೆ.

ಈಗಿನ ವಿನ್ಯಾಸ ಸರಳವಾಗಿದೆ. ಜಿಪಿಟಿ (ಡಿಸ್ಕ್‌ನ ಭಾಗಗಳ ಪಟ್ಟಿ ಇಡುವ ಪದ್ಧತಿ) ಮೇಲೆ, ಯಂತ್ರ ಶುರುವಾಗುವಾಗ ಮೊದಲು ಓದುವ ಇಎಫ್‌ಐ ಭಾಗಕ್ಕೆ 512 ಎಂಬಿ, ಬೂಟ್‌ಗೆ 1 ಜಿಬಿ, ಉಳಿದದ್ದೆಲ್ಲ ಎಲ್‌ವಿಎಂಗೆ, ಅಂದರೆ ವಾಲ್ಯೂಮ್ ಎಂಬ ಭಾಗಗಳನ್ನು ಬೇಕಾದಾಗ ಹಿಗ್ಗಿಸಲು ಬಿಡುವ ವ್ಯವಸ್ಥೆಗೆ. ಅದರೊಳಗೆ ಆರಂಭದಲ್ಲಿ ರೂಟ್‌ಗೆ 40, ವರ್‌ಗೆ 30, ಹೋಮ್‌ಗೆ 20, ಸ್ಕ್ಯಾನ್‌ಗಳಿಗೆ 290 ಜಿಬಿ ಕೊಟ್ಟೆ. ಸ್ವಾಪ್‌ಗೆ (ಮೆಮೊರಿ ಸಾಲದಾದಾಗ ಬಳಸುವ ಡಿಸ್ಕ್ ಜಾಗಕ್ಕೆ) ಪಾರ್ಟಿಷನ್ ಇಲ್ಲ, ರೂಟ್‌ನೊಳಗೇ 4 ಜಿಬಿಯ ಫೈಲ್ ಇದೆ. ಯಾವುದಾದರೂ ವಾಲ್ಯೂಮ್ ಶೇ. 80 ದಾಟಿದರೆ ಕೆಲಸ ನಡೆಯುತ್ತಿರುವಾಗಲೇ ಅದನ್ನು ದೊಡ್ಡದಾಗಿಸುವ ಎಲ್‌ವಿಎಕ್ಸ್‌ಟೆಂಡ್ ಆಜ್ಞೆಯನ್ನು, ಫೈಲ್‌ಸಿಸ್ಟಂ (ಒಳಗೆ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಹಿಗ್ಗಿಸುವ ಆಯ್ಕೆಯೊಂದಿಗೆ ಕೊಡುತ್ತೇನೆ. ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಹೀಗೆ ವರ್ ಈಗ 55ಕ್ಕೂ ಸ್ಕ್ಯಾನ್ 460ರ ಆಸುಪಾಸಿಗೂ ಬಂದಿವೆ. ಫೈಲ್‌ಸಿಸ್ಟಂ ಎಲ್ಲ ಕಡೆಯೂ ಇಎಕ್ಸ್‌ಟಿ4. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಂ ಒಳ್ಳೆಯದೇ ಆದರೂ ಬೆಳೆಸಿದ್ದನ್ನು ಕುಗ್ಗಿಸಲು ಬಿಡುವುದಿಲ್ಲ, ಕೈತಪ್ಪಿ ಹೆಚ್ಚು ಕೊಟ್ಟರೆ ಹೋದದ್ದು ಹೋದಂತೆಯೇ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಹಳೆಯ ಯಂತ್ರವೊಂದರಲ್ಲಿ ಬಿಟಿಆರ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂ ಹಾಕಿದಾಗ, ಖಾಲಿ ಜಾಗ ಕಾಣುತ್ತಿದ್ದರೂ ಮೆಟಾಡೇಟಾದ (ಫೈಲ್‌ಗಳ ಕುರಿತ ವಿವರಗಳ) ಪಾಲು ತುಂಬಿ ಬರಹ ನಿಂತುಹೋಯಿತು. ಜಾಗವನ್ನು ಮರುಹಂಚುವ ಬ್ಯಾಲೆನ್ಸ್ ಮಾಡಿದಾಗ ಸರಿಹೋಯಿತು, ಆದರೆ ಗಿರಾಕಿ ಎದುರಿಗೆ ನಿಂತಿರುವಾಗ ಮಾಡುವ ಕೆಲಸ ಅದಲ್ಲ. ಇಎಕ್ಸ್‌ಟಿ4 ರೂಟ್ ಬಳಕೆದಾರನಿಗೆಂದು (ಯಂತ್ರದ ನಿರ್ವಾಹಕನಿಗೆಂದು) ಕಾಯ್ದಿಡುವ ಶೇ. 5ನ್ನು ಸ್ಕ್ಯಾನ್ ವಾಲ್ಯೂಮ್‌ನಲ್ಲಿ ಮಾತ್ರ ಶೇ. 1ಕ್ಕೆ ಇಳಿಸಿದಾಗ ಹನ್ನೊಂದು ಹನ್ನೆರಡು ಜಿಬಿ ಪುಕ್ಕಟೆಯಾಗಿ ದಕ್ಕಿತು. ರೂಟ್ ಮತ್ತು ವರ್‌ಗಳಲ್ಲಿ ಅದನ್ನು ಮುಟ್ಟಲಿಲ್ಲ. ದೊಡ್ಡ ಅಪ್‌ಗ್ರೇಡ್‌ಗೆ ಮುನ್ನ ರೂಟ್‌ನ ಸ್ನ್ಯಾಪ್‌ಶಾಟ್‌ಗೆ (ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಪ್ರತಿಗೆ) 5 ಜಿಬಿ ಸಾಕೆಂದುಕೊಂಡಿದ್ದೆ. ಅದು ನಡುವೆಯೇ ತುಂಬಿ ಅಮಾನ್ಯವಾಯಿತು. ಈಗ ಎಷ್ಟು ಕೊಡುತ್ತೇನೆ, ವರ್‌ನ ಸ್ನ್ಯಾಪ್‌ಶಾಟನ್ನು ಯಾವ ಹೊತ್ತಿನಲ್ಲಿ ತೆಗೆಯುತ್ತೇನೆ ಎಂಬುದನ್ನು ಇಲ್ಲಿ ಹೇಳಲಾರೆ, ಏಕೆಂದರೆ ಇದೇ ವ್ಯವಸ್ಥೆಯನ್ನು ಬೇರೆ ಅಂಗಡಿಗಳಿಗೆ ಹಾಕಿಕೊಟ್ಟು ನಾಲ್ಕು ಕಾಸು ಸಂಪಾದಿಸುತ್ತಿದ್ದೇನೆ.

ಖಾಲಿ ಜಾಗ ನಿಜವಾಗಿ ಕೈಹಿಡಿದದ್ದು ಕಳೆದ ಮಳೆಗಾಲದಲ್ಲಿ. ಎಸ್‌ಎಸ್‌ಡಿ ಉಳಿಸುವ ಜಿಪುಣತನದಿಂದ ಹಳೆಯ 500 ಜಿಬಿಯ ತಿರುಗುವ ಡಿಸ್ಕೊಂದನ್ನು ಅದೇ ವಾಲ್ಯೂಮ್ ಗುಂಪಿಗೆ (ಎಲ್‌ವಿಎಂ ಒಟ್ಟಾಗಿ ಬಳಸುವ ಡಿಸ್ಕ್‌ಗಳ ಗುಂಪಿಗೆ) ಸೇರಿಸಿ, ಹಳೆಯ ಕಡತಗಳಿಗೆ ಅದರಲ್ಲಿ 120 ಜಿಬಿ ಕೊಟ್ಟಿದ್ದೆ. ಅದು ಟಕಟಕ ಎನ್ನತೊಡಗಿದ ಸಂಜೆ, ಒಂದು ಡಿಸ್ಕಿನ ದತ್ತಾಂಶವನ್ನು ಇನ್ನೊಂದಕ್ಕೆ ಸಾಗಿಸುವ ಪಿವಿಮೂವ್ ಆಜ್ಞೆ ಕೊಟ್ಟು ಕುಳಿತೆ. ಅಂಗಡಿಯ ಕೆಲಸ ಎಂದಿನಂತೆ ನಡೆಯುತ್ತಿರುವಾಗಲೇ, ಸುಮಾರು ಮೂರು ಗಂಟೆಗಳಲ್ಲಿ, ಆ 120 ಜಿಬಿಯೂ ಎಸ್‌ಎಸ್‌ಡಿಗೆ ಬಂದು ಸೇರಿತು. ಹಂಚದೆ ಬಿಟ್ಟ ಜಾಗವಿಲ್ಲದಿದ್ದರೆ ಅದಕ್ಕೆ ಬರಲು ನೆಲೆಯೇ ಇರುತ್ತಿರಲಿಲ್ಲ. ಹಳೆಯ ಡಿಸ್ಕನ್ನು ಗುಂಪಿನಿಂದ ತೆಗೆದು ಗುಜರಿಗೆ ಹಾಕಿದೆ. ಹಂಚದೆ ಉಳಿದಿರುವುದು ಈಗ 230 ಜಿಬಿ ಚಿಲ್ಲರೆ, ನನ್ನ ಅಂದಾಜಿನಂತೆ ಇನ್ನೆರಡು ವರ್ಷಕ್ಕೆ ಸಾಕು.